ಮೂರನೇ ಮುಖ, ಒಂಬತ್ತನೇ ಮುಖ

ಫೆಬ್ರವರಿ 3

ಸೊಸೆಗೆ,

ನಾವು ತಲುಪಿ, ಡೇರೆ ಹಾಕಿ, ಮೊದಲ ರಾತ್ರಿ ಸೊಳ್ಳೆಗಳ ಪರಿಚಯವನ್ನೂ ಮಾಡಿಕೊಂಡೆವು. ತಲುಪಿದ ಮೇಲೆ ಎರಡು ಸಾಲು ಬರೆಯಬೇಕೆಂದು ನಿಮ್ಮತ್ತೆ ಹೇಳಿದ್ದಳು. ಅವಳಿಗೇ ಬರೆದರೆ ಕನ್ನಡಕ ಹುಡುಕುವುದರಲ್ಲಿ ಸಂಜೆಯಾಗುತ್ತದೆ. ಮಗನಿಗೆ ಬರೆದರೆ ಉತ್ತರ ಬರುವುದಿಲ್ಲ. ಅದಕ್ಕೆ ನಿನಗೆ ಬರೆಯುತ್ತಿದ್ದೇನೆ. ಇಲ್ಲಿರುವುದು ಒಂದೇ ಫೋನು, ಅದೂ ಗುತ್ತಿಗೆದಾರನ ಮೇಜಿನ ಮೇಲೆ. ಒಬ್ಬ ಮಾತಾಡಿದರೆ ಹತ್ತು ಜನ ಕೇಳುತ್ತಾರೆ. ಟಪಾಲು ವಾರಕ್ಕೆ ಎರಡು ಸಲ ಸಾಮಾನಿನ ಲಾರಿಯಲ್ಲಿ ಬಂದು ಹೋಗುತ್ತದೆ.

ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನದಿ ದಡದ ಕೊನೆಯ ಕರೆಂಟು ಕಂಬದ ನಕ್ಷೆ ನಿನ್ನೆ ಬಂತು. ಮೂಲೆಯಲ್ಲಿ ‘ಲೆಕ್ಕ ಮಾಡಿದವರು’ ಎಂಬ ಜಾಗದಲ್ಲಿ ನಿನ್ನ ಸಹಿ ನೋಡಿದೆ. ನೀನು ನಮ್ಮ ಮನೆಗೆ ಬಂದು ಎರಡು ವರ್ಷವಾಯಿತು. ನೀನು ಕಂಬದ ಲೆಕ್ಕ ಮಾಡುವವಳು, ನಾನು ಕಂಬ ನಿಲ್ಲಿಸುವ ಮೇಸ್ತ್ರಿ. ಆದರೂ ನಾವಿಬ್ಬರೂ ಕೆಲಸದ ಮಾತು ಆಡಿದ್ದಿಲ್ಲ. ಈಗ ಆಡುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಕ್ಷೆ ಚೊಕ್ಕವಾಗಿದೆ. ಹನ್ನೆರಡು ಮುಖದ ಉಕ್ಕಿನ ಕಂಬ, ಗಡಿಯಾರದ ಹಾಗೆ ಮುಖಗಳಿಗೆ ಸಂಖ್ಯೆ. ತಂತಿ ಹನ್ನೆರಡರ ಕಡೆಗೆ, ನದಿಯಾಚೆಗೆ ಎಳೆಯುತ್ತದೆ. ಉದ್ದನೆಯ ತೋಳು ಮೂರರ ಕಡೆಗೆ ಚಾಚಿದೆ. ಬುಡದಲ್ಲಿ ಒಳಗಿನ ಕೇಬಲ್ ಜೋಡಿಸುವ ತೆರಪು, ನಾವು ಬಾಗಿಲು ಅನ್ನುತ್ತೇವೆ, ಅದು ಒಂಬತ್ತರಲ್ಲಿ. ನನ್ನ ತಕರಾರು ಆ ಬಾಗಿಲಿನ ಮೇಲೆ. ಇಲ್ಲಿ ಗಾಳಿ ಒಂಬತ್ತರ ಕಡೆಯಿಂದಲೇ ಬೀಸುತ್ತದೆ, ಮರಳನ್ನೂ ಹೊತ್ತು ತರುತ್ತದೆ. ಬಾಗಿಲಿಗೆ ತಲೆ ತೂರಿಸಿ ಕೆಲಸ ಮಾಡುವವನ ಕಣ್ಣಿನ ಗತಿ ಏನು? ಮೂವತ್ತೈದು ವರ್ಷದಿಂದ ನೋಡುತ್ತಿದ್ದೇನೆ, ಪ್ರತಿ ನಕ್ಷೆಯಲ್ಲೂ ಬಾಗಿಲು ತೋಳಿನ ಎದುರು ಬದಿಗೇ ಇರುತ್ತದೆ. ಯಾಕೆ ಎಂದು ಕೇಳಿದರೆ ಯಾವ ಆಫೀಸಿನವನಿಗೂ ಗೊತ್ತಿಲ್ಲ. ಲೆಕ್ಕ ಮಾಡುವವರು ಒಂದು ದಿನವಾದರೂ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಬೇಕು.

ಇಷ್ಟೇ. ನಿಮ್ಮತ್ತೆಗೆ ಗುಳಿಗೆ ನೆನಪಿಸು.

— ಮಾವ


ಫೆಬ್ರವರಿ 11

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಕನ್ನಡಕದ ಸಾಲು ಬಂದಾಗ, “ಅವರ ಹಲ್ಲಿನ ಸೆಟ್ಟು ಹುಡುಕಿ ಕೊಡೋದು ಯಾರಂತೆ?” ಎಂದು ಕೇಳಿದರು. ಗುಳಿಗೆ ತಪ್ಪಿಸುತ್ತಿಲ್ಲ. ನಿಮ್ಮ ಮಗ ಸೈಕಲ್ಲಿನ ಬ್ರೇಕು ಸರಿಮಾಡಿಸುವುದನ್ನು ಮೂರನೇ ವಾರವೂ ಮುಂದಕ್ಕೆ ಹಾಕಿದ್ದಾರೆ.

ನಿಮ್ಮ ತಕರಾರು ಓದಿ ಎರಡು ದಿನ ಅದನ್ನೇ ಯೋಚಿಸಿದೆ. ಬಾಗಿಲು ತೋಳಿನ ಎದುರಿಗೇ ಏಕಿರಬೇಕು ಎಂದು ಆಫೀಸಿನಲ್ಲಿ ಹಿರಿಯರನ್ನು ಕೇಳಿದೆ. ಮೊದಲಿನಿಂದ ಹಾಗೇ ಬರೆಯುತ್ತಿದ್ದೇವೆ ಎಂದರು. ಹಾಗಾದರೆ ಲೆಕ್ಕವನ್ನೇ ಕೇಳೋಣ ಎಂದು ಕೂತೆ.

ಕಂಬದ ತಗಡಿನಲ್ಲಿ ಎರಡು ಬಗೆಯ ಶಿಯರ್ ಇರುತ್ತದೆ. ಶಿಯರ್ ಎಂದರೆ ತಗಡಿನ ಒಂದು ಪದರ ಪಕ್ಕದ ಪದರದ ಮೇಲೆ ಜಾರಲು ನೋಡುವ ಒತ್ತಡ. ತಂತಿ ಕಂಬವನ್ನು ಅಡ್ಡಕ್ಕೆ ಎಳೆಯುವುದರಿಂದ ಒಂದು ಬಗೆ. ತೋಳು ಒಂದೇ ಪಕ್ಕಕ್ಕೆ ಇರುವುದರಿಂದ ಆ ಎಳೆತವೇ ಕಂಬವನ್ನು ತಿರುಚುತ್ತದೆ, ಅದು ಇನ್ನೊಂದು ಬಗೆ. ನಿಮ್ಮ ಕಂಬದ ಬುಡದಲ್ಲಿ ಅಡ್ಡ ಎಳೆತದ್ದು ಮೂವತ್ತು, ತಿರುಚಿನದು ನಲವತ್ತು. ಎರಡರ ವರ್ಗ ಕೂಡಿಸಿ ಮೂಲ ತೆಗೆದರೆ ಐವತ್ತು. ಶಾಲೆಯಲ್ಲಿ ಕಲಿತ ತ್ರಿಕೋನದ ಹಾಗೆ ಸರಿಯಾಗಿ ಕೂತುಬಿಟ್ಟಿತು. ಬಾಗಿಲಿನ ಅಂಚು ಅರವತ್ತರವರೆಗೆ ತಡೆಯುತ್ತದೆ. ಮೂರನೇ ಮುಖದಲ್ಲೂ ಐವತ್ತೇ, ಒಂಬತ್ತನೇ ಮುಖದಲ್ಲೂ ಐವತ್ತೇ. ಬೇರೆ ಮುಖಗಳಲ್ಲಿ ಬಾಗುವ ಒತ್ತಡ ಹೆಚ್ಚು, ಅಲ್ಲಿ ಕೊರೆಯುವಂತಿಲ್ಲ.

ಆದ್ದರಿಂದ ನಕ್ಷೆಗೆ ಒಂದು ಸಾಲು ಸೇರಿಸಿದ್ದೇನೆ: ‘ಬಾಗಿಲು ಮೂರನೇ ಅಥವಾ ಒಂಬತ್ತನೇ ಮುಖದಲ್ಲಿ, ನಿಲ್ಲಿಸುವವರ ಅನುಕೂಲದಂತೆ.’ ಸಾಹೇಬರು ಸಹಿ ಹಾಕಿದರು. ಮೇಲಿನ ತುಂಡು, ಕೆಳಗಿನ ತುಂಡು ಬೋಲ್ಟಿನಿಂದ ಕೂಡುವುದರಿಂದ ಕೆಳಗಿನದನ್ನು ಬೇಕಾದಂತೆ ತಿರುಗಿಸಿ ಇಡಬಹುದು. ಇನ್ನು ಯಾರ ಕಣ್ಣಿಗೂ ಮರಳು ಬೀಳುವುದು ಬೇಡ.

ನೀವು ಹೇಳಿದಂತೆ ಕಂಬದ ಬುಡದಲ್ಲಿ ಕೂತು ನೋಡಬೇಕೆಂಬ ಆಸೆ ನನಗೂ ಇದೆ.

— ಸೊಸೆ


ಫೆಬ್ರವರಿ 24

ಸೊಸೆಮ್ಮನಿಗೆ,

ಹೊಸ ನಕ್ಷೆ ಬಂತು. ಆ ಸಾಲನ್ನು ಮೂರು ಸಲ ಓದಿದೆ. ಆಮೇಲೆ ಕ್ರೇನಿನವನಿಗೆ ಓದಿಸಿದೆ, ಅಡುಗೆಯವನಿಗೆ ಓದಿಸಿದೆ. ಅಡುಗೆಯವನು, “ನಿಲ್ಲಿಸುವವರ ಅನುಕೂಲದಂತೆ ಅಂತ ನಕ್ಷೇಲಿ ಬರೆದಿದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು ಮೇಸ್ತ್ರಿ” ಎಂದ. “ನೀನು ಹುಟ್ಟೋಕೆ ಮುಂಚೆನೂ ಇರಲಿಲ್ಲ ಕಣೋ. ಅದನ್ನ ಬರೆದೋಳು ನಮ್ಮ ಮನೆ ಸೊಸೆ” ಎಂದೆ. ಅಂದಿನಿಂದ ನನ್ನ ಸಾರಿಗೆ ಉಪ್ಪು ಸರಿಯಾಗಿ ಬೀಳುತ್ತಿದೆ.

ಕಂಬ ಮೊನ್ನೆ ನಿಂತಿತು. ಬಾಗಿಲನ್ನು ಕೆಲಸದವರಿಗೆ ಅನುಕೂಲವಿರುವ ಕಡೆಗೆ ಇಟ್ಟಿದ್ದೇನೆ. ಇನ್ನು ನಾಲ್ಕು ಕಡೆ ಇದೇ ನಕ್ಷೆಯ ಕಂಬ ನಿಲ್ಲುತ್ತವಂತೆ. ಅಲ್ಲಿನವರೂ ನಿನ್ನ ಹೆಸರು ಹೇಳಿಕೊಂಡು ಆರಾಮವಾಗಿ ಕೂತು ಕೆಲಸ ಮಾಡುತ್ತಾರೆ.

ತಂತಿ ಎಳೆಯುವುದು ಮಾರ್ಚ್ ಇಪ್ಪತ್ತಕ್ಕೆ. ಅವತ್ತು ತೋಳಿನ ಮೇಲೆ ಇಬ್ಬರು, ಬುಡದಲ್ಲಿ ನಾನು.

ನೀನು ನಮ್ಮ ಮನೆಗೆ ಬಂದಾಗ, ಆಫೀಸಿಗೆ ಹೋಗುವ ಹುಡುಗಿ ಹೊಂದಿಕೊಳ್ಳುತ್ತಾಳೋ ಇಲ್ಲವೋ ಎಂದು ನಿಮ್ಮತ್ತೆಯ ಹತ್ತಿರ ಗೊಣಗಿದವನು ನಾನು. ನೀನು ಕೇಳಿಸಿಕೊಂಡಿದ್ದೆ ಎಂದು ಆಮೇಲೆ ಗೊತ್ತಾಯಿತು. ಇದನ್ನು ಬರೆಯಲು ಎರಡು ವರ್ಷ ಹಿಡಿಯಿತು.

— ಮಾವ


ಮಾರ್ಚ್ 4

ಮಾವನವರಿಗೆ ನಮಸ್ಕಾರಗಳು.

ಕೊನೆಯ ಸಾಲುಗಳನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಮನೆಯಲ್ಲಿ ಎಲ್ಲವೂ ಸರಿಯಾಗಿದೆ. ಅತ್ತೆ ಒಂದು ವಿಷಯಕ್ಕೆ ನನ್ನ ಮೇಲೆ ಕೋಪಿಸಿಕೊಂಡಿದ್ದಾರೆ. ಗೋಡೆಯ ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆ ಹರಿದುಕೊಂಡೆ. ಅದರಲ್ಲಿ ಸಿಲಿಂಡರ್ ಬಂದ ತಾರೀಖು ಇತ್ತಂತೆ.

ಒಂದು ಮಾತು ಕೇಳಬೇಕಿತ್ತು. ಬಾಗಿಲು ಯಾವ ಮುಖಕ್ಕೆ ಇಟ್ಟಿರಿ ಎಂದು ನೀವು ಬರೆಯಲಿಲ್ಲ. ಒಂಬತ್ತಕ್ಕೇ ಇಟ್ಟಿರುತ್ತೀರಿ ಅಲ್ಲವೇ? ಅಷ್ಟು ವರ್ಷದ ಅಭ್ಯಾಸ ನಿಮ್ಮದು. ಸುಮ್ಮನೆ ಕೇಳಿದೆ, ವಿಶೇಷವೇನೂ ಇಲ್ಲ. ಆದರೆ ಈ ಲಾರಿಯಲ್ಲೇ ಉತ್ತರ ಬರೆದರೆ ಒಳ್ಳೆಯದು.

— ಸೊಸೆ


ಮಾರ್ಚ್ 8

ಸೊಸೆಮ್ಮನಿಗೆ,

ಹೌದು, ಒಂಬತ್ತನೇ ಮುಖಕ್ಕೇ ಇದೆ. ಗಾಬರಿಪಡಬೇಡ.

ಊಟ ನಿದ್ದೆ ಸರಿಯಾಗಿ ನೋಡಿಕೋ. ಕ್ಯಾಲೆಂಡರ್ ಮುಂದಿನ ವರ್ಷವೂ ಬರುತ್ತದೆ.

— ಮಾವ


ಮಾರ್ಚ್ 16

ಮಾವನವರಿಗೆ,

ಇದನ್ನು ಆಫೀಸಿನಲ್ಲಿ, ಎಲ್ಲರೂ ಊಟಕ್ಕೆ ಹೋದ ಮೇಲೆ ಬರೆಯುತ್ತಿದ್ದೇನೆ. ಮೊದಲು ನನ್ನ ತಪ್ಪು, ಆಮೇಲೆ ನಿಮ್ಮದು.

ಫೆಬ್ರವರಿಯಲ್ಲಿ ನಾನು ಮಾಡಿದ ಲೆಕ್ಕ ತಪ್ಪು. ಇನ್ನೊಂದು ಕಂಬದ ಲೆಕ್ಕ ಮಾಡುವಾಗ ಅಂಕಿಗಳು ಮೂವತ್ತು ನಲವತ್ತರಷ್ಟು ಚೆಂದವಾಗಿ ಕೂಡಲಿಲ್ಲ. ಆಗ ಅನುಮಾನ ಬಂತು. ಕ್ಯಾಲೆಂಡರ್ ಹಾಳೆಯನ್ನು ಕೊಳವೆಯಂತೆ ಸುತ್ತಿ, ಅಡ್ಡ ಎಳೆತಕ್ಕೆ ಕೆಂಪು ಪೆನ್ಸಿಲಿನ ಬಾಣ, ತಿರುಚಿಗೆ ನೀಲಿ ಬಾಣ ಬರೆದೆ. ವರ್ಗ ಕೂಡಿಸಿ ಮೂಲ ತೆಗೆಯುವುದು ಎರಡು ಬಾಣ ಒಂದಕ್ಕೊಂದು ಅಡ್ಡವಾಗಿದ್ದರೆ ಮಾತ್ರ. ಇಲ್ಲಿ ಎರಡೂ ತಗಡಿನ ಉದ್ದಕ್ಕೆ, ಒಂದೇ ಗೆರೆಯ ಮೇಲೆ ಓಡುತ್ತವೆ. ತೋಳಿರುವ ಮೂರನೇ ಮುಖದಲ್ಲಿ ಎರಡೂ ಒಂದೇ ಕಡೆಗೆ: ಮೂವತ್ತಕ್ಕೆ ನಲವತ್ತು ನೇರವಾಗಿ ಕೂಡಿ ಎಪ್ಪತ್ತು. ಎದುರಿನ ಒಂಬತ್ತರಲ್ಲಿ ಒಂದರ ವಿರುದ್ಧ ಒಂದು: ಉಳಿಯುವುದು ಬರೀ ಹತ್ತು. ಬಾಗಿಲಿನ ಅಂಚು ತಡೆಯುವುದು ಅರವತ್ತು. ವರ್ಗ ಮಾಡಿದ ಕೂಡಲೇ ಕೂಡುವುದೂ ಕಳೆಯುವುದೂ ಅಳಿಸಿಹೋಗಿ ಎರಡು ಮುಖ ಒಂದೇ ಆಗಿ ಕಂಡವು.

ಅತ್ತೆಗೆ ಇದನ್ನು ಹೀಗೆ ಹೇಳಿದೆ: ನೀವೂ ಮಾವನವರೂ ಒಂದೇ ಮಾತು ಹೇಳಿದ ದಿನ ನಿಮ್ಮ ಮಗ ನಡುವೆ ಸಿಕ್ಕಿ ಒದ್ದಾಡುತ್ತಾರೆ. ನೀವಿಬ್ಬರೂ ಜಗಳವಾಡಿದ ದಿನ ಅವರು ಆರಾಮಾಗಿ ಸೈಕಲ್ ಹತ್ತಿ ಹೋಗುತ್ತಾರೆ. ಅತ್ತೆ, “ಹಾಗಾದ್ರೆ ಬಾಗಿಲು ಜಗಳದ ಕಡೆಗಿರಬೇಕು ಅನ್ನು” ಎಂದರು. ಆಫೀಸಿನವರು ಮರೆತೇಬಿಟ್ಟಿದ್ದ ಆ ಕಾರಣ ಇಷ್ಟೇ.

ಇದು ಗೊತ್ತಾದದ್ದು ಮಾರ್ಚ್ ಮೂರರಂದು. ಅವತ್ತೇ ಸಾಹೇಬರಿಗೆ ಹೇಳಬೇಕಿತ್ತು. ನಾನು ನಿಮಗೆ ‘ಸುಮ್ಮನೆ ಕೇಳಿದೆ’ ಎಂದು ಬರೆದೆ. ನೀವು ಊರಿಗೆಲ್ಲ ಹೇಳಿಕೊಂಡು ತಿರುಗಿದ ಸಾಲು ಅದು. ಅದನ್ನು ಹೊಡೆದುಹಾಕಲು ಕೈ ಬರಲಿಲ್ಲ. ‘ಒಂಬತ್ತಕ್ಕೇ ಇದೆ’ ಎಂಬ ನಿಮ್ಮ ಉತ್ತರ ಬಂದಾಗ ನಿಜ ಹೇಳುತ್ತೇನೆ, ಬಚಾವಾದೆ ಅನ್ನಿಸಿತು. ಒಂದಿಡೀ ದಿನ ಹಾಗೇ ಇದ್ದೆ. ಮರುದಿನ ಬೆಳಿಗ್ಗೆ ಉಳಿದ ನಾಲ್ಕು ಕಂಬಗಳ ನೆನಪಾಗಿ ಸಾಹೇಬರ ಕೋಣೆಗೆ ಹೋದೆ. ಅದು ನಿನ್ನೆ.

ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ಡ್ರಾಯರಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು.

“ಇದನ್ನೂ ಓದಿ. ಬೆಳಿಗ್ಗೆ ಬಂತು.”

ನಿಮ್ಮ ಕೈಬರಹ. ‘ನಕ್ಷೆ ಸರಿಯಾಗಿ ಓದದೆ ಬಾಗಿಲನ್ನು ಮೂರನೇ ಮುಖಕ್ಕೆ ಇಟ್ಟಿದ್ದು ನನ್ನ ತಪ್ಪು. ಮೇಲಿನ ತುಂಡು ಇಳಿಸಿ, ಬುಡವನ್ನು ಒಂಬತ್ತಕ್ಕೆ ತಿರುಗಿಸಿ ಮತ್ತೆ ನಿಲ್ಲಿಸಿದ್ದೇನೆ. ಕ್ರೇನು ಮೂರು ದಿನ ಹೆಚ್ಚು ಬೇಕಾಯಿತು. ಮೇಸ್ತ್ರಿಯ ಮೇಲೆ ಏನು ಕ್ರಮ ತೆಗೆದುಕೊಂಡರೂ ಒಪ್ಪಿಗೆ.’

“ನಿಮ್ಮ ಮನೇಲಿ ಒಂದು ತಪ್ಪಿಗೆ ಎಷ್ಟು ಜನ ವಾರಸುದಾರರಮ್ಮ?” ಎಂದು ಸಾಹೇಬರು ಕೇಳಿದರು. ಆಮೇಲೆ ನಕ್ಷೆಯ ಮೂಲೆಯಲ್ಲಿದ್ದ ತಮ್ಮ ಸಹಿಯನ್ನು ನೋಡಿ, “ನನ್ನನ್ನೂ ಸೇರಿಸಿಕೊಳ್ಳಿ” ಎಂದರು.

ಮಾವನವರೇ, ನೀವು ಮಾರ್ಚ್ ಎಂಟರಂದು ‘ಒಂಬತ್ತಕ್ಕೇ ಇದೆ’ ಎಂದು ಬರೆದಾಗ ಬಾಗಿಲು ಮೂರರಲ್ಲಿತ್ತು. ನಾನು ಹೇಳದೆ ಬಿಟ್ಟದ್ದನ್ನು ನನ್ನ ಒಂದು ಸಾಲಿನಿಂದ ಓದಿಕೊಂಡು, ನನಗೆ ಗೊತ್ತಾಗದಂತೆ ಕಂಬವನ್ನೇ ಇಳಿಸಿದಿರಿ. ಆ ಕಾಗದ ಓದಿ ಸಾಹೇಬರ ಎದುರಿಗೇ ಅತ್ತುಬಿಟ್ಟೆ. ನನಗಾಗಿ ಇಷ್ಟು ಮಾಡಿದವರು ಯಾರೂ ಇಲ್ಲ.

ಆದರೂ ಇದನ್ನು ಹೇಳಲೇಬೇಕು. ಸಾಹೇಬರು ನಿಮ್ಮ ಮಾತು ನಂಬಿದ್ದರೆ ನಕ್ಷೆ ಸರಿಯಾಗಿದೆ, ಮೇಸ್ತ್ರಿ ತಪ್ಪು ಎಂದಾಗುತ್ತಿತ್ತು. ‘ನಿಲ್ಲಿಸುವವರ ಅನುಕೂಲದಂತೆ’ ಎಂಬ ಸಾಲು ನಾಲ್ಕೂ ಕಡೆ ಹಾಗೇ ಇರುತ್ತಿತ್ತು. ಅಲ್ಲಿ ಬುಡದಲ್ಲಿ ನಿಲ್ಲುವವರಿಗೂ ಮನೆಯಿದೆ. ದಯವಿಟ್ಟು ಆ ಕಾಗದವನ್ನು ವಾಪಸ್ಸು ತೆಗೆದುಕೊಳ್ಳಿ. ಮೂವತ್ತೈದು ವರ್ಷದಲ್ಲಿ ನಿಮ್ಮ ಹೆಸರಿಗೆ ಒಂದೂ ತಪ್ಪಿಲ್ಲ. ನನ್ನದನ್ನು ನಾನೇ ಇಟ್ಟುಕೊಳ್ಳುತ್ತೇನೆ.

ಮಾತು ಒರಟಾಗಿದ್ದರೆ ಕ್ಷಮಿಸಿ.

— ಸೊಸೆ


ಮಾರ್ಚ್ 26

ಮಾವನವರಿಗೆ ನಮಸ್ಕಾರಗಳು.

ಮೂರು ಲಾರಿ ಬಂದು ಹೋದವು, ನಿಮ್ಮ ಪತ್ರವಿಲ್ಲ. ಇಪ್ಪತ್ತರಂದು ತಂತಿ ಎಳೆದದ್ದು, ಎಲ್ಲರೂ ಕ್ಷೇಮವಾಗಿರುವುದು ಆಫೀಸಿಗೆ ಬಂದ ವರದಿಯಿಂದ ತಿಳಿಯಿತು. ಅದನ್ನು ಅತ್ತೆಗೆ ನಿಮ್ಮ ಪತ್ರದಲ್ಲೇ ಬಂದ ಸುದ್ದಿ ಎಂಬಂತೆ ಹೇಳಿದೆ. ಅವರು ನಂಬಿದ ಹಾಗೆ ನಟಿಸಿದರು.

ಹಿರಿಯರಿಗೆ ಬುದ್ಧಿ ಹೇಳಿದೆ ಎಂದು ನಿಮಗೆ ನೋವಾಗಿರಬೇಕು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ. ಹೇಳಿದ ರೀತಿಗೆ ಮಾತ್ರ ಕ್ಷಮೆ ಕೇಳಬಲ್ಲೆ.

ಇನ್ನು ಒಂದು ವರ್ಷ ನನ್ನ ಲೆಕ್ಕಗಳನ್ನೆಲ್ಲ ಇನ್ನೊಬ್ಬರು ಮೊದಲಿನಿಂದ ಮಾಡಿ ನೋಡುತ್ತಾರೆ. ‘ಲೆಕ್ಕ ಮಾಡಿದವರು’ ಎಂಬಲ್ಲಿ ನನ್ನ ಸಹಿ ಇರುವುದಿಲ್ಲ. ಅದು ಸರಿ. ಸಹಿ ಮಾಡುವ ಜಾಗ ನೋಡಿ ಸಂಕಟವಾಗುತ್ತದೆ ಅನ್ನುವುದು ಬೇರೆ ಮಾತು.

ನಕ್ಷೆ ತಿದ್ದಿ ನಾಲ್ಕೂ ಕಡೆಗೆ ಕಳಿಸಿದೆವು. ಮೂರು ಕಡೆಯಿಂದ ಉತ್ತರ ಬಂದಿದೆ, ಬಾಗಿಲು ಒಂಬತ್ತಕ್ಕೇ ಇದೆ. ನಾಲ್ಕನೆಯದು ನಿಮ್ಮಿಂದ ಮೇಲಕ್ಕೆ ಒಂದು ದಿನದ ದಾರಿ, ಕಲ್ಲುಗಣಿಯ ಪಕ್ಕದ ಕಂಬ. ಅಲ್ಲಿಂದ ಏನೂ ಬಂದಿಲ್ಲ. ಎರಡು ಸಲ ಬರೆದೆವು. ಫೋನು ಎತ್ತಿದವರು ‘ಆಯ್ತು ಆಯ್ತು’ ಎಂದು ಇಟ್ಟುಬಿಡುತ್ತಾರೆ. ಅಲ್ಲಿ ತಂತಿ ಎಳೆಯುವುದು ಏಪ್ರಿಲ್ ಒಂದಕ್ಕೆ. ಮೂವತ್ತೊಂದರೊಳಗೆ ಉತ್ತರ ಬರದಿದ್ದರೆ ಸಾಹೇಬರು ಜೀಪು ಕಳಿಸುತ್ತಾರಂತೆ. ಇಲ್ಲಿಂದ ಜೀಪು ಹೊರಟರೆ ಎರಡು ದಿನ. ನಾನು ಲೆಕ್ಕ ಹಾಕಿ ನೋಡಿದೆ. ಈ ಲೆಕ್ಕ ಸರಿಯಾಗಿದೆ.

ನಿಮ್ಮನ್ನು ಏನನ್ನೂ ಕೇಳುತ್ತಿಲ್ಲ. ತಿಳಿಸಿದೆ ಅಷ್ಟೇ.

— ಸೊಸೆ

ಅಪ್ಪಾ, ಅವಳು ದಿನಾ ಸಂಜೆ ಗೇಟಿನ ಹತ್ತಿರ ನಿಂತಿರುತ್ತಾಳೆ. ಒಂದು ಸಾಲಾದರೂ ಬರಿ. ನಾನು ಬರೆದಿದ್ದೇನೆ ನೋಡು. — ಮಗ


ಏಪ್ರಿಲ್ 2

ಅಮ್ಮಾ ಸೊಸೆಮ್ಮ,

ಕಲ್ಲುಗಣಿಯ ಹತ್ತಿರದ ಡೇರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೇಜು ಅಲ್ಲಾಡುತ್ತದೆ, ಅಕ್ಷರ ನೋಡಿ ನಗಬೇಡ.

ನನಗೆ ಕೋಪವಿರಲಿಲ್ಲ. ಹದಿನಾರರ ನಿನ್ನ ಪತ್ರ ಓದಿದ ಮೇಲೆ ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ನಿನ್ನ ಕೆಲಸ ಹೋಗುತ್ತದೆ ಎಂದು ಹೆದರಿ ತಪ್ಪನ್ನು ನನ್ನ ತಲೆಗೆ ಕಟ್ಟಿಕೊಂಡೆ. ಅದು ದೊಡ್ಡತನ ಎಂದು ಒಳಗೊಳಗೇ ಬೀಗಿಕೊಂಡೂ ಇದ್ದೆ. ಉಳಿದ ನಾಲ್ಕು ಕಂಬ ನನ್ನ ತಲೆಗೇ ಬಂದಿರಲಿಲ್ಲ. ಮೂವತ್ತೈದು ವರ್ಷದ ಮೇಸ್ತ್ರಿಗೆ! ನಾಚಿಕೆಯಾಗಿ ಬರೆಯಲಿಲ್ಲ. ಸಾಹೇಬರಿಗೆ ಬರೆದ ಕಾಗದ ವಾಪಸ್ಸು ಕೇಳಿ ಇಪ್ಪತ್ತೆರಡಕ್ಕೇ ಬರೆದಿದ್ದೆ. ನಿನಗೂ ಒಂದು ಸಾಲು ಹಾಕಬೇಕಿತ್ತು.

ನಿನ್ನ ಇಪ್ಪತ್ತಾರರ ಪತ್ರ ಇಪ್ಪತ್ತೊಂಬತ್ತಕ್ಕೆ ಕೈಸೇರಿತು. ಮೂವತ್ತರ ಬೆಳಿಗ್ಗೆ ಜಲ್ಲಿ ಲಾರಿ ಹತ್ತಿದೆ. ದಾರಿಯಲ್ಲಿ ಅದರ ಚಕ್ರ ಮಣ್ಣಿನಲ್ಲಿ ಹೂತು ಒಂದೂವರೆ ದಿನ ಹಾಳಾಯಿತು. ನಿನ್ನೆ ಒಂಬತ್ತು ಗಂಟೆಗೆ ಬಂದು ಇಳಿದಾಗ ತಂತಿ ಎಳೆಯುವ ಯಂತ್ರ ಶುರುವಾಗಿತ್ತು. ತೋಳಿನ ಮೇಲೆ ಇಬ್ಬರು ಕೂತಿದ್ದರು. ಇಲ್ಲಿನ ಮೇಸ್ತ್ರಿ ನನಗೆ ಹಳೆಯ ಪರಿಚಯ, ಎಲ್ಲರೂ ಮೀಸೆ ಅನ್ನುತ್ತಾರೆ.

“ಏನ್ ಮೇಸ್ತ್ರಿ, ದಾರಿ ತಪ್ಪಿ ಬಂದ್ರಾ?”

“ಬಾಗಿಲು ಯಾವ ಕಡೆ ಇಟ್ಟಿದೀಯ?”

“ತೋಳಿನ ಕಡೆ. ಎದುರು ಕಡೆ ಗಣಿ ಧೂಳು. ನಕ್ಷೇಲಿ ಎರಡೂ ಸರಿ ಅಂತ ಬರೆದಿದೆಯಲ್ಲ.”

“ಆ ಸಾಲು ತಪ್ಪು. ಯಂತ್ರ ನಿಲ್ಲಿಸು, ಅವರನ್ನ ಇಳಿಸು.”

“ಯಾರು ಹೇಳಿದ್ದು ತಪ್ಪು ಅಂತ?”

“ಅದನ್ನ ಬರೆದೋಳೇ.”

ಮೀಸೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಅದನ್ನ ಬರೆದೋಳು ನಿಮ್ಮ ಸೊಸೆ ಅಲ್ವಾ? ಅವಳನ್ನ ಹೊಗಳಿದ್ದು ಇಲ್ಲಿಗೂ ಕೇಳಿಸಿತ್ತು.”

ಸುತ್ತ ಹನ್ನೆರಡು ಜನ ನಿಂತಿದ್ದರು. ನಾನು ಅಂದೆ: “ಹೌದು, ನನ್ನ ಸೊಸೆ. ತಪ್ಪು ಮಾಡಿದ್ದೂ ಅವಳೇ, ಮೇಲಿನೋರ ಹತ್ರ ಹೋಗಿ ಹೇಳಿದ್ದೂ ಅವಳೇ. ಬೇಕಾದ್ರೆ ಅದನ್ನೂ ಊರೆಲ್ಲ ಸಾರು. ಈಗ ಯಂತ್ರ ನಿಲ್ಲಿಸು.”

ನಿಲ್ಲಿಸಿದ. ಸುಮ್ಮನೆ ಏನೂ ಅಲ್ಲ, ನನ್ನ ವಂಶಾವಳಿಯನ್ನೆಲ್ಲ ನೆನೆದು ನಿಲ್ಲಿಸಿದ. ಇಬ್ಬರೂ ಇಳಿದು ಬಂದು ಚಹಾ ಕುಡಿದರು. ಮಧ್ಯಾಹ್ನಕ್ಕೆ ತಂತಿ ಸಡಿಲ ಮಾಡಿಸಿದೆವು. ಆಫೀಸಿನ ಎರಡು ಪತ್ರಗಳೂ ಇಲ್ಲಿನ ಗುತ್ತಿಗೆದಾರನ ಫೈಲಿನಲ್ಲಿ ಅಂಟು ಬಿಚ್ಚದೆ ಮಲಗಿದ್ದವು. ಮೀಸೆ ಎರಡನ್ನೂ ಬಿಚ್ಚಿ, ನಿಂತೇ ಓದಿದ. ಆಮೇಲೆ ನನ್ನ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿದ. ಅವನು ಕ್ಷಮೆ ಕೇಳುವುದು ಹಾಗೆ.

ನಾಳೆ ಕ್ರೇನು ಬರುತ್ತದೆ. ಬುಡವನ್ನು ಒಂಬತ್ತಕ್ಕೆ ತಿರುಗಿಸುವವರೆಗೆ ನಾನು ಇಲ್ಲೇ ಇರುತ್ತೇನೆ. ನಿಮ್ಮತ್ತೆಗೆ ಹೇಳು. ಮಗನ ಸಾಲು ಸಿಕ್ಕಿತು, ಜೋಪಾನವಾಗಿ ಇಟ್ಟಿದ್ದೇನೆ.

ಒಂದು ವಿಷಯ ನಿನ್ನಿಂದ ತಿಳಿಯಬೇಕು. ನಾನು ಬಂದಾಗ ತಂತಿಯನ್ನು ಸರಿಯಾಗಿ ಅರ್ಧದಷ್ಟು ಬಿಗಿ ಮಾಡಿದ್ದರು. ಆಗ ಬಾಗಿಲಿನ ಅಂಚಿಗೆ ಎಷ್ಟು ಬಿದ್ದಿರಬಹುದು? ನಿನ್ನ ಪತ್ರ ಮುಂದಿಟ್ಟುಕೊಂಡು ನಾನೇ ಲೆಕ್ಕ ಮಾಡಿದೆ. ಅಡ್ಡ ಎಳೆತದ್ದು ಹದಿನೈದು, ತಿರುಚಿನದು ಇಪ್ಪತ್ತು, ತೋಳಿನ ಕಡೆ ಆದ್ದರಿಂದ ನೇರವಾಗಿ ಕೂಡಿಸಿ ಮೂವತ್ತೈದು. ಅಂಚಿಗೆ ಏನೂ ಆಗಿರಲಾರದು ಎಂದು ಮೀಸೆಗೆ ಹೇಳಿದ್ದೇನೆ. ಆದರೂ ನೀನು ನೋಡಿ, ಇನ್ನೊಬ್ಬರಿಗೂ ತೋರಿಸಿ, ಈ ಲಾರಿಯಲ್ಲೇ ಬರೆ. ನೀನು ಬರೆಯುವವರೆಗೆ ಇಲ್ಲಿ ಯಾರೂ ತೋಳಿನ ಮೇಲೆ ಹತ್ತುವುದಿಲ್ಲ.

ಈ ಸಲ ತಪ್ಪಾಗಿದ್ದರೆ ಅದು ನಿಜವಾಗಿಯೂ ನನ್ನದೇ.

— ಮಾವ